ನೀರು ಬಿಟ್ಟವನು

ಮೈ ಕೆಸರಾದರೆ ಬಾಯಿ ಹೆಸರು, ಸುಳ್ಳಲ್ಲ ಮಹಾಜನರೇ, ಕಣ್ಣಾರೆ ಕಂಡ ಖರೇ ಕಥೆಯನ್ನೇ ಹೇಳುತ್ತೇನೆ — ಮೈಕಿನಲ್ಲಿ ಹೇಳಬೇಕಾದ ಮಾತು ಖಂಡಪ್ಪನ ತಲೆಯೊಳಗೆ ತಾನಾಗಿಯೇ ಉರುಳಿತು, ಎದುರಿಗೆ ಏಜಾಜ ಗೋಡೆಗೆ ಬಣ್ಣ ಬಳಿಯುವ ರೋಲರಿನಿಂದ ಮರಿಲಿಂಗನ ಬೆನ್ನಿಗೆ ಕಂದು ಬಣ್ಣ ಎಳೆಯುತ್ತಿದ್ದ, ಮೇಲಿಂದ ಕೆಳಗೆ, ಮತ್ತೆ ಮೇಲಿಂದ ಕೆಳಗೆ, ಸುರಪುರದ ಅರ್ಧ ಮನೆಗಳಿಗೆ ಬಣ್ಣ ಕಾಣಿಸಿದ ಕೈ ಅದು, ಅದಕ್ಕೆ ಬೆನ್ನೂ ಒಂದು ಗೋಡೆ, ಪುಟ್ಟಿ ಹಚ್ಚೂದೊಂದು ಬಾಕಿ ಉಳದದ ನೋಡೋ ಏಜಾಜ, ಎಂದ ಖಂಡಪ್ಪ, ಅನ್ನಲೇಬೇಕಿತ್ತು, ಖಂಡಪ್ಪ ಇದ್ದಲ್ಲಿ ನಗೆ ಇರಬೇಕೆಂಬುದು ಊರ ಒಪ್ಪಂದ, ಪುಟ್ಟಿ ಹಚ್ಚಿದ್ರ ಬಿರುಕು ಮುಚ್ಚತಾವ್ರಿ ಸರ, ಇಲ್ಲಿ ಖಂಡದ ನಡುವಿನ ಬಿರುಕು ಕಾಣಬೇಕಲ್ರಿ, ಬಿರುಕಿಗೇ ಮಾರ್ಕ್ಸ್, ಎಂದು ಏಜಾಜ ನಕ್ಕ, ಮರಿಲಿಂಗ ನಗಲಿಲ್ಲ, ನಗೆಗೂ ಶಕ್ತಿ ಖರ್ಚಾಗುತ್ತದೆ ಎನ್ನುವವನಂತೆ ಎರಡೂ ಕೈ ಅಗಲಿಸಿ ನಿಂತಿದ್ದ, ಶಹಾಪುರದ ಕಲ್ಯಾಣಮಂಟಪದಲ್ಲಿ ಅದು ಮದುಮಗಳು ಸಿಂಗರಿಸಿಕೊಳ್ಳುವ ಕೋಣೆ, ಕನ್ನಡಿಯ ಮೂಲೆಯಲ್ಲಿ ಯಾವ ಯಾವಳೋ ಅಂಟಿಸಿ ಮರೆತ ಬಿಂದಿಗಳು, ಆ ಬಿಂದಿಗಳ ನಡುವೆ ಚಡ್ಡಿ ತೊಟ್ಟ ಗಂಡಸರು, ಎಣ್ಣೆಯ ವಾಸನೆ, ಬಾಳೆಹಣ್ಣಿನ ಸಿಪ್ಪೆ, ಹೊರಗೆ ಹಾಲಿನಲ್ಲಿ ಕುರ್ಚಿ ಎಳೆಯುವ ಸದ್ದು, ಜಿಲ್ಲಾ ದೇಹದಾರ್ಢ್ಯ ಸ್ಪರ್ಧೆಗೆ ಊಟದ ಬಿಡುವು, ಬಿಡುವು ಮುಗಿದ ಮೇಲೆ ಮೊದಲ ಸರದಿಯೇ ನಲವತ್ತು ದಾಟಿದವರ ಗುಂಪು, ಖಂಡಪ್ಪ ಹೋಗಿ ಮೈಕು ಹಿಡಿಯಬೇಕು, ಹೆಸರು ಅಂದರೆ ಕೀರ್ತಿಯೂ ಹೌದ್ರಿ, ನೆನೆಹಾಕಿದ ಹೆಸರುಕಾಳೂ ಹೌದ್ರಿ, ಪೈಲ್ವಾನನ ಬಾಯಿಗೆ ಎರಡೇ ಸಿಗೂದು, ಎಂದು ಅರ್ಥ ಬಿಡಿಸಬೇಕು, ಯಾದಗಿರಿಯಿಂದ ಸುರಪುರದವರೆಗೆ ಸೀಟಿ ಗಿಟ್ಟಿಸಿದ ಗಾದೆ, ಇವತ್ತು ನೆನೆಯದ ಕಾಳಿನ ಹಾಗೆ ಹಲ್ಲಿಗೆ ಸಿಕ್ಕಿ ಕಟಕ್ ಅಂತಿದೆ, ಜಗಿಯಲೂ ಆಗದು ಉಗುಳಲೂ ಆಗದು.

ಹಿಂದೆ ಹೀಗಿರಲಿಲ್ಲ, ಹಿಂದೆ ಎಣ್ಣೆಯ ವಾಸನೆಗೇ ಮೈಮೇಲಿನ ಕೂದಲು ಎದ್ದು ನಿಲ್ಲುತ್ತಿತ್ತು, ಹೆಸರಿನಾಗ ಖಂಡ, ಮೈಯಾಗ ಅಖಂಡ ಎಲುಬು, ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಂಡು ಬೇರೆಯವರ ಬಾಯಿ ಮುಚ್ಚಿಸುವುದನ್ನು ಅವನು ಸುರಪುರದ ಕಾಲೇಜಿನಲ್ಲೇ ಕಲಿತಿದ್ದ, ಪ್ರಿನ್ಸಿಪಾಲರ ದನಿ, ಜವಾನನ ದನಿ, ಬಸ್ಸಿನ ಕಂಡಕ್ಟರನ ದನಿ, ಯಾರ ದನಿ ಬೇಕು ಅದು ಗಂಟಲಲ್ಲಿ ಸಿದ್ಧ, ಮೈ ಒಂದನ್ನು ಮಾತ್ರ ಅಣಕಿಸಲಾಗದು, ಆ ಮೈಯನ್ನು ಅವನು ಮೊದಲು ಕಂಡದ್ದು ಗರಡಿಮನೆಯಲ್ಲಿ, ಮರಿಲಿಂಗ ಇನ್ನೂ ಮೀಸೆ ಮೂಡುವ ವಯಸ್ಸಿನವನು, ಸಂಗ್ರಾಣಿ ಕಲ್ಲು ಎತ್ತಿ ಇಳಿಸಿ ಉಸಿರು ಎಳೆದುಕೊಂಡು ಕೈ ಮೇಲೆತ್ತಿದ, ಬೆನ್ನು ಮೊರದ ಹಾಗೆ ಬಿಚ್ಚಿಕೊಂಡಿತು, ಕೇರುವ ಮೊರ, ಕೆಳಗೆ ಸಣ್ಣಗೆ ಮೇಲೆ ಅಗಲಕ್ಕೆ, ಖಂಡಪ್ಪನಿಗೆ ಅದೇಕೋ ಅಳು ಬಂದಿತ್ತು, ರೊಟ್ಟಿ ಪುಂಡಿಪಲ್ಯ ತಿನ್ನುವ ನಮ್ಮ ಮೈಯೂ ಹೀಗೆ ಆಗಬಲ್ಲದೇ ಎಂದು, ಅವತ್ತಿನಿಂದ ಅವನು ಭಕ್ತ, ಹೈದರಾಬಾದಿನ ಹಳೆ ಪುಸ್ತಕದ ಅಂಗಡಿಯಿಂದ ತಂದ ಇಂಗ್ಲಿಷ್ ಪತ್ರಿಕೆಗಳ ಚಿತ್ರ ಕತ್ತರಿಸಿ ಗೋಡೆಗೆ ಹಚ್ಚಿದ, ಹೊರದೇಶದ ಚಾಂಪಿಯನ್ನರ ತೋಳಿನ ಇಂಚು, ಸೊಂಟದ ಇಂಚು ಬೇರೆಯವರು ಕ್ರಿಕೆಟ್ ರನ್ನು ಹೇಳುವ ಹಾಗೆ ಹೇಳಿದ, ಮದುವೆಯಾಗಿ ಬಂದ ಶಿವಲೀಲಾ ಗೋಡೆ ನೋಡಿ ಬಾಗಿಲಲ್ಲೇ ನಿಂತು, ಇಷ್ಟ ಮಂದಿ ಬತ್ತಲೆ ಗಂಡಸರ ಮುಂದ ನಾ ಹ್ಯಾಂಗ ಸೀರಿ ಬದಲಿಸ್ಲಿರಿ, ಅಂದಳು, ಅದಕ್ಕೊಂದು ಪರದೆ ಹಾಕಿಸಿದ, ಚಿತ್ರ ತೆಗೆಯಲಿಲ್ಲ, ತಂಗಿ ಭುವನೇಶ್ವರಿಗೆ ಗಂಡು ನೋಡುವಾಗ ಮನೆತನ ಕೇಳಲಿಲ್ಲ, ಹೊಲ ಕೇಳಲಿಲ್ಲ, ಇಂಥ ಮೈ ನಮ್ಮ ಮನೆಯ ಅಳಿಯ ಆಗಲಿ ಎಂದು ಮರಿಲಿಂಗನನ್ನೇ ತಂದು ನಿಲ್ಲಿಸಿದ, ಭುವನೇಶ್ವರಿ ಈಗಲೂ ಅನ್ನುತ್ತಾಳೆ, ಅಣ್ಣ ನೋಡಿದ್ದು ಮೈ, ನನಗ ಸಿಕ್ಕಿದ್ದು ಬರೇ ಡಬ್ಬಿ, ಪ್ರೋಟೀನ್ ಪುಡಿ ತುಂಬಿದ್ದ ಡಬ್ಬಿ, ಈಗ ಅದರಾಗ ಬ್ಯಾಳಿ ತುಂಬಿ ಇಟ್ಟೀನಿ, ಮುಚ್ಚಳಾ ಭಾಳ ಗಟ್ಟಿ — ನಗುತ್ತಲೇ ಅನ್ನುತ್ತಾಳೆ, ತಂಗಿಗೂ ಅಣ್ಣನ ನಾಲಿಗೆಯೇ ಬಂದಿದೆ.

ಆ ಭಕ್ತಿ ಯಾವಾಗ ತಪ್ಪಿತು, ಯಾವ ದಿನ ಎಂದು ಹೇಳಲಾಗದು, ಕೆರೆ ಬತ್ತುವುದು ಯಾರಿಗೆ ಕಾಣುತ್ತದೆ, ದಂಡೆಯ ಕಲ್ಲು ಕಂಡಾಗಲೇ ಗೊತ್ತು, ಫೋನಿನಲ್ಲಿ ಚಾಂಪಿಯನ್ನರು ಒಬ್ಬೊಬ್ಬರೇ ಸಾಯತೊಡಗಿದ್ದರು, ಹೋದ ವರ್ಷ ವೇದಿಕೆಯ ಮೇಲೆ ಹಲ್ಲು ಕಿರಿದು ನಿಂತವನು ಈ ವರ್ಷ ಸ್ನಾನದ ಮನೆಯಲ್ಲಿ, ಇನ್ನೊಬ್ಬ ಹೋಟೆಲಿನ ಕೋಣೆಯಲ್ಲಿ, ಖಂಡಪ್ಪನ ವಯಸ್ಸಿಗಿಂತ ಸಣ್ಣವರು, ಅವರ ತಾಯಂದಿರು ಬದುಕಿರುವಂಥವರು, ಪ್ರತಿಯೊಬ್ಬನ ಚಿತ್ರದ ಕೆಳಗೆ ಓಂ ಶಾಂತಿ ಎಂದು ಬರೆದು ಪಕ್ಕದಲ್ಲಿ ಬಿಗಿದ ತೋಳಿನ ಸಣ್ಣ ಚಿತ್ರ ಒತ್ತುತ್ತಿದ್ದ, ಅಭ್ಯಾಸ, ಒಂದು ದಿನ ಬೆರಳು ಆ ತೋಳಿನ ಮೇಲೆ ಹೋಗಿ ಒತ್ತದೆ ನಿಂತಿತು, ಅಷ್ಟೇ, ಆಮೇಲೆ ಪ್ರತಿವರ್ಷ ನಸುಕಿನಲ್ಲಿ ಎದ್ದು ಫೋನಿನಲ್ಲಿ ನೋಡುತ್ತಿದ್ದ ಅಮೆರಿಕದ ದೊಡ್ಡ ಸ್ಪರ್ಧೆ, ದುಡ್ಡಿಗಾಗಿ ಮೈ ಬೆಳೆಸುವವರ ಸ್ಪರ್ಧೆ, ಈ ಸಲ ಅಲಾರಂ ಹೊಡೆಯಿತು, ಆರಿಸಿ ಮಗ್ಗಲು ಬದಲಿಸಿದ, ಶಿವಲೀಲಾ ಕತ್ತಲಲ್ಲೇ, ಯಾಕ್ರಿ, ನಿಮ್ಮ ಬತ್ತಲೆ ದೇವರ ಪೂಜಿ ಇಲ್ಲೇನ ಇವತ್ತ, ಅಂದಳು, ಮಡಿ ಆಗಿಲ್ಲ, ಅಂದ, ಅವಳು ಕೈ ಚಾಚಿ ಹಣೆ ಮುಟ್ಟಿ ನೋಡಿದಳು, ಜ್ವರ ಇರಲಿಲ್ಲ, ಜ್ವರ ಇಳಿದಿತ್ತು, ಅದೇ ಸಂಕಟ, ಎಷ್ಟೋ ವರ್ಷ ಕಾಯ್ದ ಜ್ವರ ಇಳಿದ ಮೇಲೆ ಮೈ ಹಗುರಾಗುವುದಿಲ್ಲ, ಖಾಲಿಯಾಗುತ್ತದೆ — ಅಥವಾ ಅದು ತಪ್ಪಿದ್ದು ಕಲಬುರಗಿಯ ದವಾಖಾನೆಯಲ್ಲಿರಬೇಕು, ಹೋದ ಸ್ಪರ್ಧೆಯ ಮರುದಿನ ಮರಿಲಿಂಗ ಉಚ್ಚೆ ಕಟ್ಟಿ ಮಲಗಿದ್ದ, ಮೂಗಿಗೆ ನಳಿಕೆ, ಕಂಕುಳಲ್ಲಿ ಇನ್ನೂ ಒರೆಸದ ಕಂದು ಬಣ್ಣ, ನರ್ಸಮ್ಮ ಹಾಸಿಗೆಯ ಬಟ್ಟೆ ಬದಲಿಸುತ್ತ, ಎಷ್ಟ ಚಂದ ಮೈ ಇಟ್ಟಾರ್ರಿ ಇವರು, ಒಳಗ ರಕ್ತ ನೋಡಿದ್ರ ಮೋರಿ ನೀರು, ಎಂದಳು, ಖಂಡಪ್ಪ ಆ ಮೈ ನೋಡಿದ, ಮೊರದ ಹಾಗೇ ಇತ್ತು, ಚಂದವೇ ಇತ್ತು, ಅದೇ ಭಯ, ಸಾಯಲಿಕ್ಕೆ ಮಲಗಿದ್ದರೂ ಚಂದ ಇತ್ತು, ಡಾಕ್ಟರು ಕನ್ನಡಕ ತೆಗೆದು ನಿಧಾನ ಹೇಳಿದರು, ಇನ್ನೊಂದು ಸಲ ಮೈ ಒಣಗಿಸಿದರ ಕಿಡ್ನಿ ಕೈ ಬಿಡತಾವ, ಆಮ್ಯಾಲ ನನ್ನ ಹತ್ರ ಬರಬ್ಯಾಡ್ರಿ.

ಬಿಡತಾವ, ಬಿಟ್ಟಾರ, ಬಿಡಲಿಲ್ಲ — ಖಂಡಪ್ಪನ ನೌಕರಿಯೇ ಈ ಮಾತಿನದು, ನಾರಾಯಣಪುರದ ಕಾಲುವೆ ಕಚೇರಿಯಲ್ಲಿ ಗುಮಾಸ್ತ, ದಿನಬೆಳಗಾದರೆ ಫೋನು, ಸಾಹೇಬ್ರ, ನೀರ ಬಿಟ್ಟಾರೇನ್ರಿ, ಇನ್ನೂ ಬಿಟ್ಟಿಲ್ರಿ, ಯಾವಾಗ ಬಿಡತಾರ್ರಿ, ಬಿಟ್ಟಾಗ ಗೊತ್ತಾಗ್ತದ್ರಿ, ಎಂಜಿನಿಯರ ಸಾಹೇಬರ ದನಿಯಲ್ಲಿ ಒಮ್ಮೆ, ಗೇಟು ಎತ್ತುವಾಗಿನ ಕಿರಗುಟ್ಟುವ ದನಿಯಲ್ಲಿ ಒಮ್ಮೆ, ಕೇಳಿದವರೂ ನಕ್ಕು ಫೋನು ಇಡುತ್ತಿದ್ದರು, ಗರಡಿಯವರ ಬಾಯಲ್ಲಿ ಅದೇ ಮಾತಿಗೆ ಬೇರೆ ಅರ್ಥ, ಸ್ಪರ್ಧೆಗೆ ಮುಂಚೆ ಚರ್ಮ ಖಂಡಕ್ಕೆ ಅಂಟಲಿ ಎಂದು ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ, ಅವನು ನೀರು ಬಿಟ್ಟಾನ ಅಂದರೆ ವೇದಿಕೆಗೆ ತಯಾರಾದ ಎಂದು, ಎರಡನ್ನೂ ಗಂಟು ಹಾಕಿ ಮೈಕಿನಲ್ಲಿ ಹೇಳಿದವನು ತಾನೇ, ನೀರು ಬಿಟ್ಟರೆ ಹೊಲಕ್ಕೆ ಬೆಳೆ, ನೀರು ಬಿಟ್ಟರೆ ಮೈಗೆ ಕಳೆ, ಎಂಥ ಚಪ್ಪಾಳೆ ಬಿದ್ದಿತ್ತು ಅವತ್ತು, ಕಳೆ ಎಂದರೆ ಕಸವೂ ಹೌದು ಎಂದು ಯಾರಿಗೂ ಹೊಳೆಯಲಿಲ್ಲ, ಅವನಿಗೂ, ಮತ್ತೆ ಮೊನ್ನೆ — ಕಚೇರಿಯಲ್ಲಿ ಫೋನಿನ ಮೇಲೆ ಫೋನು, ಕಾಲುವೆಯ ಕೊನೆಯ ಹಳ್ಳಿಗಳ ಕೂಗು, ನಡುವೆ ಭುವನೇಶ್ವರಿಯ ಫೋನು, ಅವಳು ಅವ್ವ ತಿಮ್ಮವ್ವನ ಮೊಣಕಾಲಿನ ಆಪರೇಷನ್ ಆಯಿತೆಂದು ಕೊಡೇಕಲ್ಲಿನ ತವರುಮನೆಯಲ್ಲಿ, ಗಂಡ ಸುರಪುರದಲ್ಲಿ, ಅಣ್ಣಾ, ನೀರ ಬಿಟ್ಟಾರೇನು, ಎಂದು ಕೇಳಿದಳು, ಖಂಡಪ್ಪ ಕಡತದಿಂದ ಕಣ್ಣು ಎತ್ತದೆ, ಇನ್ನೂ ಬಿಟ್ಟಿಲ್ಲ ತಂಗಿ, ಸದ್ಯಕ್ಕ ಬಿಡೂ ಹಂಗ ಕಾಣಂಗಿಲ್ಲ, ಎಂದ, ಅವಳು ಉಸಿರು ಬಿಟ್ಟಳು, ಆ ಉಸಿರು ಅವನಿಗೆ ಕೇಳಿಸಿತು, ಕೊಡೇಕಲ್ಲಿನ ಹೊಲದ ಸಲುವಾಗಿ ಇಷ್ಟು ಕಾಳಜಿಯೇ ಎಂದು ಒಂದು ಗಳಿಗೆ ಅನ್ನಿಸಿತು, ಮುಂದಿನ ಫೋನು ಎತ್ತಿದ.

ಸರ, ನಿಮ್ಮ ಫೋನು, ಎಂದ ಏಜಾಜ ರೋಲರಿನಿಂದಲೇ ತೋರಿಸಿ, ಜೇಬಿನಲ್ಲಿ ನಡುಗುತ್ತಿತ್ತು, ಭುವನೇಶ್ವರಿ, ಖಂಡಪ್ಪ ಮಂಟಪದ ಹಿಂಬಾಗಿಲಿಗೆ ಬಂದ, ಎದುರಿಗೆ ಬಂಡೆಗಳಲ್ಲೇ ಮೂಡಿದ ಗುಡ್ಡದ ಬುದ್ಧ ಎಂದಿನ ಹಾಗೆ ಮಲಗಿದ್ದ, ಹೊಟ್ಟೆ ಸಡಿಲ ಬಿಟ್ಟು, ಯಾರಿಗೂ ಪೋಸು ಕೊಡದೆ, ಅಣ್ಣಾ ಊಟ ಆತೇನು, ನಿನ್ನ ಪೈಲ್ವಾನರ ಫೋನು ಹತ್ತವಲ್ದು, ಹೆಂಗ ಅದಾರ, ಈ ಸಲ ನೀರು ಬಿಡದ ನಿಂದರತಾರ ಅಂದ್ರ ನಂಬರ ಬರಂಗಿಲ್ಲ, ಮುಖಾ ಸಣ್ಣದು ಮಾಡಿಕೊಂಡಿರಬೇಕು, ಯಾರು ಅಂದರು ನೀರು ಬಿಟ್ಟಿಲ್ಲಾಂತ, ಎಂದ ಖಂಡಪ್ಪ, ನೀನ ಅಂದೆಲ್ಲೋ ಅಣ್ಣಾ ಮೊನ್ನಿ, ಇನ್ನೂ ಬಿಟ್ಟಿಲ್ಲ ಬಿಡೂ ಹಂಗ ಕಾಣಂಗಿಲ್ಲಾಂತ, ಅದಕ್ಕ ನಾ ಅವ್ವನ್ನ ಬಿಟ್ಟು ಬರಲಿಲ್ಲ — ಗುಡ್ಡದ ಮೇಲೆ ಒಂದು ಹದ್ದು ಸುತ್ತುತ್ತಿತ್ತು, ಖಂಡಪ್ಪನಿಗೆ ಎಲ್ಲ ಒಮ್ಮೆಲೇ ತಿಳಿಯಿತು, ನಾ ಕಾಲುವಿ ನೀರು ಅಂದಕೊಂಡೆ ತಂಗಿ, ಎಂದ, ಆ ಕಡೆ ಅವ್ವ ಯಾರ ಅದು ಎಂದು ಕೇಳುವ ದನಿ, ಆಮೇಲೆ ಭುವನೇಶ್ವರಿ ಅಳದೆ, ಅಳುವುದಕ್ಕಿಂತ ಕೆಟ್ಟದಾಗಿ, ಅಣ್ಣಾ, ನನ್ನ ಮಾತು ಅವರು ಕೇಳಂಗಿಲ್ಲ, ನಿನ್ನ ಮಾತು ಕೇಳತಾರ, ಹುಚ್ಚು ಹಚ್ಚಿದಾಂವ ನೀನು, ಹೆಂಗರ ಮಾಡಿ ಕುಡಿಸು, ನನ್ನ ಕೈಲೆ ಅವರ ಬಾಯಾಗ ನೀರು ಬಿಡಿಸಬ್ಯಾಡಣ್ಣಾ, ಎಂದಳು, ಬಾಯಲ್ಲಿ ನೀರು ಬಿಡುವುದು, ಪ್ರಾಣ ಹೋಗುವ ಹೊತ್ತಿಗೆ ಹೆಂಡತಿ ಮಕ್ಕಳು ಬಿಡುವ ಎರಡು ಹನಿ, ಅದೇ ಮಾತು, ಅದೇ ಬಿಡು, ಇಷ್ಟು ವರ್ಷ ಈ ಮಾತಿನ ಮೇಲೆ ಕುಣಿದ ನಾಲಿಗೆಗೆ ಈ ಮೂರನೆಯ ಅರ್ಥ ಯಾಕೆ ಸಿಕ್ಕಿರಲಿಲ್ಲ.

ಒಳಗೆ ಬಂದು ಬಾಟಲಿ ಹಿಡಿದು ನಿಂತ, ನೀರು ಕುಡಿಯೋ ಮರಿಲಿಂಗ, ಸಾಕು, ಬಿಡು ಇದನ್ನ, ಎಂದ, ಮರಿಲಿಂಗ ಬಾಯಿ ತೆರೆದ, ಮಾತು ಬರುವುದಕ್ಕೆ ಮುಂಚೆ ನಾಲಿಗೆ ಅಂಗುಳದಿಂದ ಕಿತ್ತುಕೊಳ್ಳಬೇಕಿತ್ತು, ಟಕ್ ಎಂದು ಸದ್ದಾಯಿತು, ಹಲ್ಲಿಯ ಸದ್ದಿನ ಹಾಗೆ, ಇದು ಕಡೀದು ಖಂಡೂ, ಎಂದ, ಮತ್ತೆ ಟಕ್, ಹೋದ ಸಲ ದವಾಖಾನಿಗೆ ಬಿದ್ದಾಂವ ಅಂತ ಜಿಮ್ಮಿಗೆ ಬರೂ ಹುಡುಗ್ರು ನಗತಾರ, ಒಮ್ಮಿ ನಿಂತು ತೋರಸತೀನಿ, ನೀನ ಅಂದಿಯಲ್ಲ, ನೀರು ಬಿಟ್ಟರ ಮೈಗೆ ಕಳಿ, ನಿನ್ನ ಮಾತು ಬರದು ಜಿಮ್ಮಿನ ಗ್ವಾಡಿಗೆ ಹಚ್ಚೀನಿ, ಏಜಾಜನ ಕೈಲೆ ಬರಸೀನಿ, ಹೌದ್ರಿ ಸರ, ಕೆಂಪು ಬಣ್ಣದಾಗ, ಎಂದ ಏಜಾಜ ಹೆಮ್ಮೆಯಿಂದ, ಖಂಡಪ್ಪ ಆ ತುಟಿ ನೋಡಿದ, ಬಿರುಕು ಬಿಟ್ಟ ತುಟಿ, ಬಿರುಕಿಗೇ ಮಾರ್ಕ್ಸ್, ಕಾಲು ಹಿಡಿಯಲೇ, ತಂಗಿಯ ಆಣೆ ಇಡಲೇ, ಇವನು ಆಣೆಗೆ ಬಗ್ಗುವವನಲ್ಲ, ಇವನನ್ನು ಬಗ್ಗಿಸದಂತೆ ಬೆಳೆಸಿದವನು ತಾನೇ, ಮೈಕಿನಲ್ಲಿ, ಬಗ್ಗದ ಗಂಡು ಎಂದು, ಕುಗ್ಗದ ಗುಂಡು ಎಂದು, ಪ್ರಾಸಕ್ಕೆ ಪ್ರಾಸ ಜೋಡಿಸಿ, ಮುಖ್ಯ ತೀರ್ಪುಗಾರ ಮನ್ಸೂರಅಲಿ ಉಸ್ತಾದರು ನಮಾಜಿಗೆ ಹೋಗಿದ್ದರು, ಅವರ ಕುರ್ಚಿ ಖಾಲಿ, ವೇದಿಕೆಯ ಪರದೆಯ ಹಿಂದೆ ವೈರಿಲ್ಲದ ಮೈಕು ಖಾಲಿ, ಖಂಡಪ್ಪನ ಗಂಟಲಲ್ಲಿ ಆ ದನಿ ತಾನಾಗಿ ಎದ್ದಿತು, ಎಲೆಅಡಿಕೆ ತುಂಬಿದ ಗಡಸು ದನಿ, ಎಷ್ಟು ಮದುವೆಮನೆಗಳಲ್ಲಿ ಉಸ್ತಾದರ ಎದುರಿಗೇ ಅಣಕಿಸಿ ಅವರನ್ನೇ ನಗಿಸಿದ ದನಿ, ಮೈಕಿನ ಗುಂಡಿ ಒತ್ತಿದ, ಹಾಂ ತೋ, ಸುನೋ ಭಾಯಿ, ನಲವತ್ತರ ಮ್ಯಾಲಿನ ಗ್ರೂಪು ಕ್ಯಾನ್ಸಲ್ ಆಗ್ಯದ, ಮಂದಿ ಕಮ್ಮಿ ಅದಾರ, ನಾರಾಜ ಆಗಬ್ಯಾಡ್ರಿ, ಎಲ್ಲಾರೂ ನೀರು ಕುಡೀರಿ, ಹೊಟ್ಟಿ ತುಂಬ ನೀರು ಕುಡೀರಿ.

ಪರದೆಯ ಸಂದಿಯಿಂದ ನೋಡಿದ, ಸಿಂಗಾರದ ಕೋಣೆಯಲ್ಲಿ ಗುರುಮಠಕಲ್ಲಿನ ಹಿರಿಯನೊಬ್ಬ ಅಯ್ಯೋ ದೇವುಡಾ ಎಂದು ಹಣೆ ಬಡಿದುಕೊಂಡು ಬಾಟಲಿಗೆ ಬಾಟಲಿಯನ್ನೇ ಗಂಟಲಿಗೆ ಇಳಿಸಿದ, ಯಾದಗಿರಿಯವನು ಬೈಯುತ್ತ ಕುಡಿದ, ಮರಿಲಿಂಗ ಪರದೆಯ ಕಡೆ ಒಮ್ಮೆ ಕಣ್ಣು ಹಾಯಿಸಿ ಬಾಟಲಿಯ ಮುಚ್ಚಳ ತಿರುವಿದ, ಎತ್ತಿದ, ಕುತ್ತಿಗೆಯ ಗಂಟು ಮೇಲೆ ಹೋಯಿತು ಕೆಳಗೆ ಬಂತು, ಮೇಲೆ, ಕೆಳಗೆ, ಖಂಡಪ್ಪ ಪರದೆಯನ್ನು ಮುಷ್ಟಿಯಲ್ಲಿ ಹಿಡಿದ, ಇಷ್ಟು ವರ್ಷ ಆ ಮೈಯ ತೋಳು ನೋಡಿದ, ತೊಡೆ ನೋಡಿದ, ಬೆನ್ನು ನೋಡಿದ, ಒಂದು ಗುಟುಕು ನೀರು ಇಳಿಯುವ ಗಂಟಲಿನಷ್ಟು ಚಂದದ್ದನ್ನು ನೋಡಿರಲಿಲ್ಲ, ತಂಗಿಗೆ ಕುಡಿದಾನ ಎಂದು ಒಂದೇ ಮಾತು ಬರೆದು ಕಳಿಸಿದ, ಎಳ್ಳುನೀರು ಬಿಟ್ಟೆ ಇವತ್ತಿಗೆ, ಎಂದುಕೊಂಡ, ಈ ಹುಚ್ಚಿಗೆ, ಈ ಎಣ್ಣೆಗೆ, ಈ ಮೈಕಿಗೆ, ಮನೆಗೆ ಹೋಗಿ ಪರದೆ ಸರಿಸಿ ಚಿತ್ರಗಳನ್ನು ಕಿತ್ತು ಶಿವಲೀಲಾಳ ಕೈಗೆ ಕೊಡುವುದು, ಒಲೆಗೆ ಹಾಕು ಎನ್ನುವುದು, ಅವಳು ಏನಾದರೂ ಅನ್ನುತ್ತಾಳೆ, ಅಂದುಕೊಳ್ಳಲಿ, ಅಷ್ಟರಲ್ಲಿ ಉಸ್ತಾದರು ಟೋಪಿ ಮಡಚುತ್ತ ಬಂದರು, ಕೌನ್ ಬೋಲಾ ರೇ ಕ್ಯಾನ್ಸಲ್, ನನ್ನ ದನಿಯಾಗ ನನಗ ಗೊತ್ತಿಲ್ದ ಯಾರು ಮಾತಾಡಿದಾರ, ಹಾಲಿನಲ್ಲಿ ನಗೆ ಎದ್ದಿತು, ಎಲ್ಲರೂ ಖಂಡಪ್ಪನ ಕಡೆ ನೋಡಿದರು, ಮತ್ಯಾರು, ಖಂಡಪ್ಪಂದೇ ಚ್ಯಾಷ್ಟಿ, ಗುರುಮಠಕಲ್ಲಿನವನು ತುಂಬಿದ ಹೊಟ್ಟೆ ಹಿಡಿದುಕೊಂಡು ತೆಲುಗಿನಲ್ಲಿ ಅವನ ಮೂರು ತಲೆಮಾರು ಬೈದ, ಚಲೋ ಚಲೋ, ಫಾರ್ಟಿ ಪ್ಲಸ್, ಬರ್ರಿ ಮ್ಯಾಲ, ಎಂದರು ಉಸ್ತಾದರು, ಇದ್ದವರು ಇದ್ದ ಹೊಟ್ಟೆಯಲ್ಲೇ ಏರಿದರು, ಏರಲಿ, ಸೋಲಲಿ, ಮರಿಲಿಂಗ ಇವತ್ತು ಊದಿದ ಮೈಯಲ್ಲಿ ಸೋತು ಮನೆಗೆ ಹೋಗುತ್ತಾನೆ, ಬೈಯುತ್ತಾನೆ, ಬದುಕುತ್ತಾನೆ, ಖಂಡಪ್ಪ ಹಗುರಾಗಿ ಮೈಕು ಹಿಡಿದು ವೇದಿಕೆಗೆ ಬಂದ, ಹೆಸರು ಊರು ಹೇಳಿಸುವುದು ರಿವಾಜು, ಗುರುಮಠಕಲ್ಲಿನವನು ಹೇಳಿದ, ಯಾದಗಿರಿಯವನು ಹೇಳಿದ, ಮರಿಲಿಂಗನ ಬಾಯಿಯ ಮುಂದೆ ಮೈಕು ಹಿಡಿದ.

ದೀಪದ ಕೆಳಗೆ ಮೈ ಕಂಡಿತು, ಊದಿರಲಿಲ್ಲ, ಹಗ್ಗ ಹೊಸೆದ ಹಾಗಿತ್ತು, ಒಂದೊಂದು ನರ ಬರೆದಿಟ್ಟ ಹಾಗಿತ್ತು, ಯಾವತ್ತೂ ಇಷ್ಟು ಒಣಗಿರಲಿಲ್ಲ, ಟಕ್, ಲೇ ಖಂಡೂ, ಮನ್ಸೂರ ಭಾಯಿ ಹುಟ್ಟಿದಾಗಿಂದ ಪಾನಿ ಅಂದಾನ, ನೀರು ಅಂದಿಲ್ಲ, ಎಂದ ಮರಿಲಿಂಗ, ಮೈಕು ಅದನ್ನು ಹಾಲಿಗೆಲ್ಲ ಹೇಳಿತು, ಟಕ್, ನೀ ಸಂದಿನಾಗ ನಿಂತು ನೋಡತಿ ಅಂತ ಗೊತ್ತಿತ್ತು, ಅದಕ್ಕ ಕುಡದಂಗ ಮಾಡಿದೆ, ಬಾಯಿ ತುಂಬಿಸಿ ಬಕೀಟಿನಾಗ ಉಗುಳೀನಿ, ನನಗೂ ಬರತದಲೇ ನಿನ್ನ ವಿದ್ಯಾ — ಇಡೀ ಸಭೆ ಬಿದ್ದು ಬಿದ್ದು ನಕ್ಕಿತು, ಉಸ್ತಾದರು ಮೇಜು ಬಡಿದು ನಕ್ಕರು, ಏಜಾಜ ರೋಲರ್ ಎತ್ತಿ ಕುಣಿದ, ಎಲ್ಲರಿಗಿಂತ ಜೋರಾಗಿ ನಕ್ಕವನು ಮರಿಲಿಂಗ, ತಲೆ ಹಿಂದಕ್ಕೆ ಎಸೆದು, ದವಡೆ ತೆರೆದು, ಅಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡಿತು, ಖಂಡಪ್ಪ ಕಂಡ, ಅವನೊಬ್ಬನೇ ಕಂಡ, ಹೊಟ್ಟೆಯ ಆರು ಗಡ್ಡೆಗಳು ಒಂದರ ಮೇಲೊಂದು ಕಲ್ಲಾಗಿ ಕೂತವು, ಮತ್ತೆ ಇಳಿಯಲಿಲ್ಲ, ತೊಡೆ ಕಲ್ಲಾಯಿತು, ಮೈ ಮುಂದಕ್ಕೆ ಬಾಗಿ ಅಲ್ಲೇ ನಿಂತಿತು, ವಾಹ್ ಕ್ಯಾ ಪೋಸ್, ಎಂದ ಯಾರೋ, ಸೀಟಿ, ಚಪ್ಪಾಳೆ, ಉಸ್ತಾದರು ತಲೆಯಾಡಿಸಿ ಮಾರ್ಕ್ಸ್ ಬರೆಯುತ್ತಿದ್ದರು, ಇದು ಪೋಸಲ್ಲ, ನೀರು ತರ್ರಿ, ಎನ್ನಬೇಕು, ಈಗ ಎನ್ನಬೇಕು, ಯಾರ ದನಿಯಲ್ಲಿ ಎನ್ನಬೇಕು, ಖಂಡಪ್ಪನ ದನಿಯಲ್ಲಿ ಅಂದರೆ ಇನ್ನಷ್ಟು ನಗುತ್ತಾರೆ, ಅಂದ, ನಕ್ಕರು, ಮೈಕು ಮರಿಲಿಂಗನ ಮುಂದೆಯೇ ಇತ್ತು, ಖಂಡಪ್ಪನ ಕೈ ಹಿಂದಕ್ಕೆ ಬರಲಿಲ್ಲ, ಮರಿಲಿಂಗನ ಕಣ್ಣು ಅವನನ್ನೇ ನೋಡುತ್ತಿತ್ತು, ನಗು ಮುಖದ ಮೇಲೆ ಹಾಗೇ ಗೂಟ ಹೊಡೆದು ನಿಂತಿತ್ತು, ಒಳಗೆ ನಾಲಿಗೆ, ಬೆಳ್ಳಗೆ, ಅಂಗುಳಕ್ಕೆ ಅಂಟಿದ್ದು, ಬಿಟ್ಟಿತು, ಟಕ್, ಧ್ವನಿವರ್ಧಕದಲ್ಲಿ ಹಾಲಿನ ಮೂಲೆಮೂಲೆಗೂ ಟಕ್, ಅಂಟಿತು, ಬಿಟ್ಟಿತು, ಟಕ್, ಅಂಟಿತು